ಏಪ್ರಿಲ್‌ನಲ್ಲಿ ಒಣಗಿದ್ದ ಗೋಡೆ: ಮಡಿಕೇರಿಯ ಒಂದು ಅಡ್ವಾನ್ಸ್ ಪ್ರಕರಣ

ಮಡಿಕೇರಿಯಲ್ಲಿ ನಾನು ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ಬಾಡಿಗೆ ಕರಾರು ಬರೆಯುವುದು ನನ್ನ ದಿನದ ಕೆಲಸ. ಈ ಪ್ರಕರಣದ ಕರಾರು ಬರೆದುಕೊಟ್ಟವನೂ ನಾನೇ. ಜಗಳ ಶುರುವಾದಾಗ ಇಬ್ಬರೂ ಅದೇ ಕಾಗದ ಹಿಡಿದುಕೊಂಡು ನನ್ನ ಬಳಿ ಬಂದರು. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಇಬ್ಬರೂ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಎಂದಿದ್ದಾರೆ.

ಒಬ್ಬರು ಖಾಸಗಿ ಶಾಲೆಯ ಟೀಚರ್. ಹಾಸನದ ಕಡೆಯವರು. ಹತ್ತು ವರ್ಷದ ಮಗನ ಜೊತೆ ಇದ್ದರು, ಗಂಡನ ಕೆಲಸ ಮೈಸೂರಿನಲ್ಲಿ. ಇನ್ನೊಬ್ಬರು ಮನೆ ಯಜಮಾನರು. ಪಟ್ಟಣದಲ್ಲಿ ಈ ಒಂದು ಬಾಡಿಗೆ ಮನೆ, ಊರಲ್ಲಿ ಸ್ವಲ್ಪ ಕಾಫಿ ತೋಟ. ಟೀಚರ್ ಯಜಮಾನರನ್ನು ‘ಅಂಕಲ್’ ಅನ್ನುತ್ತಿದ್ದರು, ಅವರ ಹೆಂಡತಿಯನ್ನು ‘ಆಂಟಿ’. ಮೂರು ವರ್ಷ ಒಂದು ಮಾತು ಹೆಚ್ಚುಕಮ್ಮಿ ಆಗಿರಲಿಲ್ಲ. ಪುತ್ತರಿ ಹಬ್ಬಕ್ಕೆ ಆಂಟಿ ಪಾಯಸ ಕಳಿಸುತ್ತಿದ್ದರಂತೆ.

ಮನೆಗೆ ಬಂದದ್ದು 2021ರ ಏಪ್ರಿಲ್ 9ರಂದು. ಬಾಡಿಗೆ 9,000 ರೂಪಾಯಿ, ಅಡ್ವಾನ್ಸ್ 60,000. ಎಲ್ಲರಂತೆ 11 ತಿಂಗಳ ಕರಾರು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿ ಬರೆದರೆ ನೋಂದಣಿ ಮಾಡಿಸಬೇಕಾಗುತ್ತದೆ, ಹಾಗಾಗಿ 11. ಒಮ್ಮೆ ಹೊಸ ಕರಾರು ಮಾಡಿಕೊಂಡರು. ಅದು 2023ರ ಫೆಬ್ರವರಿ 8ಕ್ಕೆ ಮುಗಿಯಿತು. ಆಮೇಲೆ ಕಾಗದ ಇಲ್ಲ. ಬಾಯಿಮಾತಲ್ಲಿ ಬಾಡಿಗೆ 9,900 ಆಯಿತು. 2024ರ ಆಗಸ್ಟ್ 8ರಂದು ಟೀಚರ್ ಮನೆ ಖಾಲಿ ಮಾಡಿದರು. ಗಂಡನ ಊರಿಗೆ ಹತ್ತಿರ ಕೆಲಸ ಸಿಕ್ಕಿತ್ತು.

ಹನ್ನೆರಡು ದಿನ ಬಿಟ್ಟು ಯಜಮಾನರು ಒಂದು ಚೀಟಿ ಕೊಟ್ಟರು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 9,900. ಹಿಂದಿನ ರೂಮಿನ ಗೋಡೆ ರಿಪೇರಿ 26,000. ಬರವಣಿಗೆಯಲ್ಲಿ ನೋಟಿಸ್ ಕೊಡದಿದ್ದಕ್ಕೆ ಮತ್ತೆ ಒಂದು ತಿಂಗಳು, 9,900. ಕಿಟಕಿ ಗಾಜು 1,200. ಕ್ಲೀನಿಂಗ್ ಮತ್ತು ಅಡುಗೆಮನೆ ನಲ್ಲಿ 1,500. ಬಾಕಿ ಕರೆಂಟ್ ಬಿಲ್ 640. ಒಟ್ಟು 49,140. ಉಳಿದ 10,860 ರೂಪಾಯಿ ‘ಹೊಸಬರು ಬಂದ ಮೇಲೆ’.

ಟೀಚರ್ ಆ ಚೀಟಿ ನನ್ನ ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಆ 60,000ದಲ್ಲಿ 40,000 ಅವರು ಒಡವೆ ಅಡ ಇಟ್ಟು ತಂದ ಹಣ. ಹೊಸ ಊರಲ್ಲಿ ಮನೆ ಹಿಡಿಯಲು ಮತ್ತೆ ಅಡ್ವಾನ್ಸ್ ಕೊಡಬೇಕಿತ್ತು. ಅಡ್ವಾನ್ಸ್ ತಡವಾದರೆ ಬಾಡಿಗೆಯವರ ಮೇಲೆ ಬೀಳುವ ಹೊರೆ ಅದು: ಒಂದೇ ಹೊತ್ತಿಗೆ ಎರಡು ಅಡ್ವಾನ್ಸ್.

ಶಾಲೆಯ ಸ್ಟಾಫ್ ರೂಮಿನಲ್ಲಿ ಅವರಿಗೆ ಸಾಕಷ್ಟು ಸಲಹೆ ಸಿಕ್ಕಿದ್ದವು. ಕೀ ಕೊಡಲೇಬಾರದಿತ್ತು ಎಂದರು ಒಬ್ಬರು. ಇದು ತಪ್ಪು. ಕೀ ನಿಮ್ಮ ಕೈಯಲ್ಲಿದ್ದಷ್ಟು ದಿನ ಮನೆ ನಿಮ್ಮ ವಶದಲ್ಲಿದ್ದ ಹಾಗೆ, ಬಾಡಿಗೆ ಏರುತ್ತಲೇ ಹೋಗುತ್ತದೆ. ಕೊನೆಯ ನಾಲ್ಕು ತಿಂಗಳು ಬಾಡಿಗೆಯನ್ನೇ ನಿಲ್ಲಿಸಬೇಕಿತ್ತು ಎಂದರು ಇನ್ನೊಬ್ಬರು. ಯಜಮಾನರು ಒಪ್ಪಿದ್ದರೆ ಸರಿ. ಒಪ್ಪದೆ ಮಾಡಿದರೆ ಬಾಕಿ ಉಳಿಸಿಕೊಂಡವರು ಎಂಬ ಹೆಸರು ನಿಮಗೇ ಬರುತ್ತದೆ. ಪೊಲೀಸರ ಬಳಿ ಹೋಗಿ ಎಂದವರೂ ಇದ್ದರು, ಆದರೆ ಇದು ಸಿವಿಲ್ ವಿಷಯ. ಬರೀ ಮನೆ ಬಾಡಿಗೆ ಗ್ರಾಹಕ ಕಾಯ್ದೆಯ ‘ಸೇವೆ’ಯೊಳಗೂ ಸಾಮಾನ್ಯವಾಗಿ ಬರುವುದಿಲ್ಲ.

ಹಾಗಾದರೆ ಯಾವ ಕಾನೂನು? ಎಲ್ಲರೂ ಮೊದಲು ಹೇಳುವುದು ಬಾಡಿಗೆ ಕಾಯ್ದೆ ಎಂದೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ, ನಿಜ. ಆದರೆ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ ಅದು ರಾಜ್ಯದ ಯಾವ ಊರಿನ ಮನೆಗೂ ಅನ್ವಯಿಸುವುದಿಲ್ಲ. ಇವತ್ತು ಮಡಿಕೇರಿಯಲ್ಲಿ 3,500ಕ್ಕೆ ಸಂಸಾರದ ಮನೆ ಎಲ್ಲಿ ಸಿಗುತ್ತದೆ? ಹಾಗಾಗಿ ಹೆಚ್ಚಿನ ಮನೆಗಳು ಹೋಗಿ ನಿಲ್ಲುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಮುಂದೆ, ಜೊತೆಗೆ 1872ರ ಕರಾರು ಕಾಯ್ದೆಯ ಮುಂದೆ. 1882ರ ಕಾಯ್ದೆ ಬಾಡಿಗೆಯವರ ಹಕ್ಕು, ಹೊಣೆ ಎರಡನ್ನೂ 108ನೇ ಕಲಮಿನಲ್ಲಿ ಹೇಳುತ್ತದೆ. ಅಡ್ವಾನ್ಸ್ ಎಷ್ಟು ಇರಬೇಕು, ಎಷ್ಟು ದಿನದಲ್ಲಿ ವಾಪಸ್ ಕೊಡಬೇಕು ಎಂದು ಅಲ್ಲಿ ಒಂದು ಮಾತೂ ಇಲ್ಲ.

ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂದು ಕೆಲವರು ಓದಿರುತ್ತಾರೆ. ಅದು ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ವಾಸದ ಮನೆಗೆ ಎರಡು ತಿಂಗಳು, ಅಂಗಡಿ ಮುಂತಾದವಕ್ಕೆ ಆರು ತಿಂಗಳು, ಮನೆ ವಶಕ್ಕೆ ಪಡೆಯುವಾಗಲೇ ಕಡಿತ ಕಳೆದು ವಾಪಸ್. ಆ ಲೆಕ್ಕದಲ್ಲಿ ಟೀಚರ್ ಕೊಡಬೇಕಿದ್ದದ್ದು 18,000 ಮಾತ್ರ. ಆದರೆ ಅದು ಮಾದರಿ ಅಷ್ಟೇ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಲಾಗೂ. ಅದನ್ನು ನಂಬಿಕೊಂಡು ಯಜಮಾನರ ಬಾಗಿಲು ತಟ್ಟಿದರೆ ವಾದ ಅಲ್ಲೇ ಬಿದ್ದುಹೋಗುತ್ತದೆ.

ಕಾಯ್ದೆ ದಿನ ಹೇಳದಿದ್ದಾಗ ಕರಾರು ಹೇಳಬೇಕು. ನಾನು ಬರೆದ ಕರಾರಿನಲ್ಲಿ ‘ಮನೆ ಖಾಲಿ ಮಾಡಿದ ನಂತರ ಬಡ್ಡಿರಹಿತವಾಗಿ ಹಿಂದಿರುಗಿಸತಕ್ಕದ್ದು’ ಎಂದಷ್ಟೇ ಇತ್ತು. ನಂತರ ಎಂದರೆ ಯಾವಾಗ? ಮಾರನೇ ದಿನವೋ, ಮುಂದಿನ ಕಾಫಿ ಕೊಯ್ಲಿಗೋ? ಬರೆದಿರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಸಾಲು ಬರೆದುಕೊಂಡು ಬಂದಿದ್ದೆ. ಈ ಪ್ರಕರಣದ ಮೊದಲ ತಪ್ಪು ಆ ಸಾಲಿನದು. ಅದು ನನ್ನದು.

ಗೋಡೆಯ ವಿಷಯ

ಚೀಟಿಯ ದೊಡ್ಡ ಮೊತ್ತ ಗೋಡೆಯದು. ಜಗಳವೂ ಅಲ್ಲೇ.

ಮನೆ ಇರುವುದು ಇಳಿಜಾರಿನಲ್ಲಿ, ಬರೆ, ಅಂದರೆ ಗುಡ್ಡದ ಬದಿ ಕಡಿದು ಕಟ್ಟಿದ್ದು. ಮಡಿಕೇರಿಯಲ್ಲಿ ಅರ್ಧಕ್ಕರ್ಧ ಮನೆಗಳು ಹಾಗೇ ಅಲ್ವಾ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದ ಮೇಲೆ ಯಜಮಾನರಿಗೆ ಹೆದರಿಕೆಯಾಯಿತು. 2019ರಲ್ಲಿ ಮನೆಯ ಹಿಂದೆ ತಡೆಗೋಡೆ ಕಟ್ಟಿಸಿದರು. ಆ ಹೆದರಿಕೆ ಸುಳ್ಳಲ್ಲ, ಆ ವರ್ಷ ಇಲ್ಲಿ ಇದ್ದವರಿಗೆಲ್ಲ ಗೊತ್ತು.

2024ರ ಜುಲೈನಲ್ಲಿ ಹೊಸ ಬಾಡಿಗೆಯವರು ಮನೆ ನೋಡಲು ಬಂದರು. ಹಿಂದಿನ ರೂಮಿನ ಗೋಡೆ ಕಪ್ಪು ಬೂಸ್ಟು ಹಿಡಿದಿತ್ತು, ಬಣ್ಣ ಉಬ್ಬಿ ಸಿಪ್ಪೆ ಏಳುತ್ತಿತ್ತು. ಬೇಡ ಎಂದು ಹೋದರು. ಇನ್ನಿಬ್ಬರೂ ಹಾಗೇ ಮಾಡಿದರು. ಯಜಮಾನರ ಸಿಟ್ಟು ಶುರುವಾದದ್ದು ಅಲ್ಲಿಂದ. ಅವರ ನೆನಪಿನಲ್ಲಿ ಇದ್ದದ್ದು 2021ರ ಮಾರ್ಚಿನಲ್ಲಿ ಬಣ್ಣ ಬಳಿಸಿ ಕೊಟ್ಟ ಬೆಳ್ಳನೆಯ ರೂಮು. ‘ರೂಮಿನೊಳಗೆ ಹಗ್ಗ ಕಟ್ಟಿ ಮೂರು ವರ್ಷ ಒದ್ದೆ ಬಟ್ಟೆ ಒಣ ಹಾಕಿದ್ದಾರೆ, ಗೋಡೆ ಹಾಳಾಗದೆ ಇನ್ನೇನಾಗುತ್ತೆ’ ಎಂದರು ನನ್ನ ಹತ್ತಿರ.

ಹಗ್ಗ ಕಟ್ಟಿದ್ದು ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಹೊರಗೆ ಬಟ್ಟೆ ಒಣಗಿಸುವವರು ಯಾರಿದ್ದಾರೆ? ಯಜಮಾನರ ಮನೆಯಲ್ಲೂ ಒಳಗೇ ಹಗ್ಗ.

108ನೇ ಕಲಮಿನ ‘ಎಂ’ ಉಪಕಲಮು ಹೇಳುವುದು ಇಷ್ಟು: ಮನೆಯನ್ನು ಹೇಗೆ ಪಡೆದಿರೋ ಹಾಗೇ ಒಳ್ಳೆಯ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಆದರೆ ಬಳಸಿದ್ದರಿಂದ ಆಗುವ ಸಹಜ ಸವಕಳಿ, ಮನುಷ್ಯರಿಂದ ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆ ಇದಕ್ಕೆ ಹೊರತು. ಸಹಜ ಸವಕಳಿ ಎಂದರೆ ಎಷ್ಟು? ನನ್ನ ಅಭಿಪ್ರಾಯದಲ್ಲಿ ಅದನ್ನು ಊರು ನೋಡಿ ಅಳೆಯಬೇಕು. ಕುಶಾಲನಗರದ ಗೋಡೆಯ ಅಳತೆ ಮಡಿಕೇರಿಗೆ ಬಾರದು. ಸುಮಾರು ಮೂವತ್ತು ಕಿಲೋಮೀಟರ್ ಅಂತರದ ಎರಡು ಊರು, ಮಳೆ ಮಾತ್ರ ಅಜಗಜಾಂತರ. ತಿಂಗಳನ್ನೂ ನೋಡಬೇಕು. ಏಪ್ರಿಲ್‌ನ ಗೋಡೆಯನ್ನು ಆಗಸ್ಟ್‌ನ ಗೋಡೆಗೆ ಹೋಲಿಸಿ ‘ಬಾಡಿಗೆಯವರು ಹಾಳು ಮಾಡಿದರು’ ಎನ್ನುವುದು ಅನ್ಯಾಯ. ಹೋಲಿಸುವುದಾದರೆ ಒಂದು ಆಗಸ್ಟನ್ನು ಇನ್ನೊಂದು ಆಗಸ್ಟಿಗೆ ಹೋಲಿಸಬೇಕು.

ನಾನು ಗೋಡೆ ನೋಡಲು ಹೋದೆ. ಜೊತೆಗೆ ಪರಿಚಯದ ಗಾರೆ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆ. ಅವರು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಕೈಯಾಡಿಸಿ ನೋಡಿದರು. ಒದ್ದೆ ಬಟ್ಟೆಯ ಹಬೆಯಿಂದ ಬರುವ ಬೂಸ್ಟು ಸಾಮಾನ್ಯವಾಗಿ ಸೂರಿನ ಹತ್ತಿರ, ಮೂಲೆಯಲ್ಲಿ, ಕಿಟಕಿ ಸುತ್ತ ಹಿಡಿಯುತ್ತದೆ, ಎಲ್ಲ ಗೋಡೆಗೂ ಅಷ್ಟಿಷ್ಟು ಇರುತ್ತದೆ ಎಂದರು. ಇಲ್ಲಿ ಹಾಗಿರಲಿಲ್ಲ. ಬರೆ ಕಡೆಯ ಒಂದೇ ಗೋಡೆ ಹಾಳಾಗಿತ್ತು. ನೆಲದಿಂದ ಮೂರಡಿವರೆಗೆ ಜಾಸ್ತಿ, ಮೇಲೆ ಹೋದಂತೆ ಕಮ್ಮಿ. ಸಿಪ್ಪೆ ಎದ್ದ ಕಡೆ ಬೆರಳಿಟ್ಟರೆ ಉಪ್ಪಿನಂಥ ಬಿಳಿ ಪುಡಿ ಬರುತ್ತಿತ್ತು. ಅದು ಗೋಡೆಯ ಒಳಗಿಂದ ನೀರು ಬಂದು ಒಣಗಿದ ಗುರುತು. ಆಮೇಲೆ ಮನೆಯ ಹಿಂದಕ್ಕೆ ಹೋದೆವು. ತಡೆಗೋಡೆಯಲ್ಲಿ ನೀರು ಹೊರಹೋಗುವ ಪೈಪು ಒಂದೂ ಇರಲಿಲ್ಲ. ಅದರ ಬುಡದಲ್ಲಿ ಚರಂಡಿ ಇರಲಿಲ್ಲ. ಬರೆಯ ನೀರು ತಡೆಗೋಡೆಯ ಬದಿಯಿಂದ ಸುತ್ತಿ ಬಂದು ಮನೆಯ ಗೋಡೆ ಬುಡದಲ್ಲಿ ನಿಲ್ಲುತ್ತಿತ್ತು.

26,000ದ ಕೊಟೇಶನ್ ಕಾಗದ ಕೇಳಿ ತೆಗೆದುಕೊಂಡೆ. ‘ಪ್ಲಾಸ್ಟರ್ ಕಿತ್ತು ಹೊಸದು, ವಾಟರ್‌ಪ್ರೂಫ್ ಬಣ್ಣ, ಹಿಂಬದಿ ಚರಂಡಿ 22 ಅಡಿ’ ಎಂದಿತ್ತು. ಬಾಡಿಗೆಯವರು ಬಟ್ಟೆ ಒಣಗಿಸಿದ್ದಕ್ಕೆ 22 ಅಡಿ ಚರಂಡಿ ಏಕೆ ಬೇಕು? ಕಡಿತದ ಚೀಟಿ ಬಂದರೆ ಸುಮ್ನೆ ಮೊತ್ತ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಕೊಟೇಶನ್ ಕೇಳಿ, ಬಿಲ್ ಕೇಳಿ, ಒಂದೊಂದು ಸಾಲು ಓದಿ.

ಇನ್ನೂ ಮುಖ್ಯವಾದದ್ದು ಟೀಚರ್ ಫೋನಿನಲ್ಲಿ ಸಿಕ್ಕಿತು. 2022ರ ಜುಲೈ ತಿಂಗಳ ವಾಟ್ಸಾಪ್. ‘ಅಂಕಲ್, ಹಿಂದಿನ ರೂಮಿನ ಗೋಡೆ ಜಿನುಗ್ತಾ ಇದೆ. ಫೋಟೊ ಕಳಿಸಿದ್ದೀನಿ ನೋಡಿ.’ ಉತ್ತರ: ‘ಮಳೆ ನಿಂತ ಮೇಲೆ ಮಾಡಿಸೋಣ.’ 2023ರ ಆಗಸ್ಟ್‌ನಲ್ಲಿ ಮತ್ತೆ ಅದೇ ಮಾತು. ಉತ್ತರವೂ ಅದೇ. ಟೀಚರಿಗೆ ಅದು ಸಾಕ್ಷಿ ಎಂಬ ಯೋಚನೆಯೇ ಇರಲಿಲ್ಲ. ಹೇಳುವುದು ತಮ್ಮ ಕರ್ತವ್ಯ ಎಂದು ಹೇಳಿದ್ದರು. ಮೆಸೇಜನ್ನು ಅಳಿಸಿರಲಿಲ್ಲ, ಅದೊಂದು ಪುಣ್ಯ. ಕೋರ್ಟಿನವರೆಗೆ ಹೋದರೆ ಸ್ಕ್ರೀನ್‌ಶಾಟ್ ಮಾತ್ರ ಸಾಲದು, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರವೂ ಬೇಕು. ಹಾಗಾಗಿ ಹಳೇ ಫೋನ್ ಮಾರಬೇಡಿ ಎಂದು ಟೀಚರಿಗೆ ಹೇಳಿದೆ.

ಉಳಿದ ಸಾಲುಗಳು

ನೋಟಿಸ್ ಕಡಿತ ಸುಲಭವಾಗಿ ಬಿತ್ತು. ಟೀಚರ್ ಜುಲೈ 6ಕ್ಕೆ ಬಾಯಲ್ಲಿ ಹೇಳಿದ್ದರು. ಮಾರನೇ ದಿನ ಯಜಮಾನರೇ ‘ಟೀಚರ್, ನಾಳೆ ಸಂಜೆ ಒಬ್ಬರು ಮನೆ ನೋಡಲು ಬರ್ತಾರೆ, ಇರ್ತೀರಾ’ ಎಂದು ಮೆಸೇಜ್ ಹಾಕಿದ್ದರು. ಅಂದರೆ ವಿಷಯ ಅವರಿಗೆ ಗೊತ್ತಿತ್ತು, ಅಲ್ಲಿಂದ ಖಾಲಿ ಮಾಡುವವರೆಗೆ ಒಂದು ತಿಂಗಳು ದಾಟಿತ್ತು. ಕರಾರು ಮುಗಿದ ಮೇಲೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಗೆ 1882ರ ಕಾಯ್ದೆಯ 106ನೇ ಕಲಮು ಕೇಳುವುದು 15 ದಿನದ ನೋಟಿಸ್. ಅದು ಬರವಣಿಗೆಯಲ್ಲೇ ಇರಬೇಕು ಎಂಬುದು ನಿಜ, ಆ ಎಳೆ ಹಿಡಿದು ಯಜಮಾನರು ವಾದಿಸಬಹುದಿತ್ತು. ಆದರೆ ಆಮೇಲೂ ಕರಾರು ಕಾಯ್ದೆಯ 74ನೇ ಕಲಮು ಎದುರಾಗುತ್ತದೆ. ಕರಾರು ಮುರಿದರೆ ಇಷ್ಟು ಹಣ ಎಂದು ಬರೆದಿದ್ದರೂ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲ್ಮಿತಿ. ಕೈಯಲ್ಲಿರುವ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1963ರಲ್ಲಿ ಫತೇಚಂದ್ ಪ್ರಕರಣದಲ್ಲೇ ಹೇಳಿದೆ. 2015ರ ಕೈಲಾಶ್‌ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಎಂದಿತು. ಇವೆರಡೂ ಮಾರಾಟದ ಪ್ರಕರಣಗಳು, ಆದರೆ ಕಲಮು ಅದೇ.

ಪೇಂಟಿಂಗ್‌ನ ಒಂದು ತಿಂಗಳ ಬಾಡಿಗೆ ಕರಾರಿನಲ್ಲೇ ಇತ್ತು. ಟೀಚರ್ ಸಹಿ ಹಾಕಿದ್ದರು, ಒಪ್ಪಿದರು. 9,000ವೋ 9,900ವೋ ಎಂಬ ಪ್ರಶ್ನೆ ಬಂತು. ‘ಖಾಲಿ ಮಾಡುವಾಗ’ ಎಂದು ಬರೆದಿದ್ದರಿಂದ ಆಗಿನ ಬಾಡಿಗೆಯೇ ಸರಿ ಎಂದೆ. ಗಾಜು ಒಡೆದದ್ದು ಮಗನ ಕ್ರಿಕೆಟ್ ಚೆಂಡು. ಅದನ್ನೂ ಕರೆಂಟ್ ಬಿಲ್ಲನ್ನೂ ಟೀಚರ್ ಮೊದಲ ದಿನವೇ ಒಪ್ಪಿದ್ದರು. ನಲ್ಲಿಯದು ವಾಷರ್ ಸವೆದದ್ದು, ಅದು ಅವರ ತಲೆಗೆ ಬರಬಾರದು. ಒಪ್ಪಿದ್ದು ಒಟ್ಟು 11,740. ವಾಪಸ್ ಬರಬೇಕಾದ್ದು 48,260.

ಯಜಮಾನರ ಕಡೆಯದು

ಅವರು ಮೋಸಗಾರರಲ್ಲ, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. 60,000 ಅವರ ಬಳಿ ಇರಲಿಲ್ಲ, ಅಷ್ಟೇ. ಮಗಳ ಕಾಲೇಜು ಫೀಸಿಗೆ ಯಾವಾಗಲೋ ಹೋಗಿತ್ತು. ಕೊಡಗಿನಲ್ಲಿ ಕಾಫಿಯವರ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ. ಅರೇಬಿಕಾ ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಆಗಸ್ಟ್‌ನಲ್ಲಿ ತೋಟದಿಂದ ಬರುವುದು ಖರ್ಚಿನ ಲೆಕ್ಕ ಮಾತ್ರ. ಬಾಡಿಗೆಯವರು ಹೋಗುವುದೋ ಮೇ, ಜೂನ್, ಆಗಸ್ಟ್‌ನಲ್ಲಿ. ಹಳಬರ ಅಡ್ವಾನ್ಸನ್ನು ಹೊಸಬರ ಅಡ್ವಾನ್ಸಿನಿಂದ ತೀರಿಸುವುದು ಇಲ್ಲಿ ರೂಢಿ. ಹೊಸಬರು ಬಾರದಿದ್ದರೆ ಆ ಸರಪಳಿ ಕಡಿಯುತ್ತದೆ. ಆಗ ಕಡಿತದ ಚೀಟಿ ಉದ್ದವಾಗುತ್ತದೆ.

ಕೈಯಲ್ಲಿ ಹಣ ಇಲ್ಲ ಎಂದು ಹೇಳಿದ್ದರೆ ಟೀಚರ್ ಕಾಯುತ್ತಿದ್ದರೇನೋ. ಗೋಡೆ ಹಾಳು ಮಾಡಿದಿರಿ ಎಂದದ್ದು ಅವರಿಗೆ ನೋವಾಯಿತು. ‘ಅಂಕಲ್ ಹಾಗೆ ಬರೆದಿದ್ದಾರೆ ಅಂತ ನಂಬೋಕೇ ಆಗಲಿಲ್ಲ’ ಎಂದರು.

ಸೆಪ್ಟೆಂಬರ್ 2ರಂದು ಟೀಚರ್ ಕನ್ನಡದಲ್ಲೇ ಒಂದು ಪುಟದ ಪತ್ರ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ಕೊಟ್ಟ ಅಡ್ವಾನ್ಸ್, ಕೀ ಕೊಟ್ಟ ದಿನ, ತಾವು ಒಪ್ಪುವ ಕಡಿತ, ಒಪ್ಪದ ಕಡಿತ ಮತ್ತು ಕಾರಣ, 30 ದಿನದ ಗಡುವು, ತಡವಾದರೆ ಬಡ್ಡಿ. ಈ ಕೊನೆಯ ಮಾತು ಬರೆಯಲೇಬೇಕು. ‘ಬಡ್ಡಿರಹಿತ’ ಎಂಬುದು ಬಾಡಿಗೆಗೆ ಇದ್ದ ಕಾಲದ ಮಾತು ಎಂಬುದು ನನ್ನ ಓದು. ಕೊಡಬೇಕಾದ ಮೇಲೂ ಕೊಡದಿದ್ದರೆ, ಬಡ್ಡಿ ಕೇಳಿ ಬರೆದ ಪತ್ರದ ದಿನದಿಂದ ಬಡ್ಡಿ ಕೇಳಲು 1978ರ ಬಡ್ಡಿ ಕಾಯ್ದೆ ದಾರಿ ಮಾಡಿಕೊಡುತ್ತದೆ. ದಾವೆ ಹೂಡಲು ಮೂರು ವರ್ಷ ಸಮಯ ಇರುತ್ತದೆ. ಹಾಗಂತ ಮೂರು ವರ್ಷ ಸುಮ್ಮನಿರಬಾರದು.

ಕೀ ಕೊಟ್ಟ ದಿನಕ್ಕೆ ದಾಖಲೆ ಇರಲಿಲ್ಲ. ಆಂಟಿಯ ಕೈಗೆ ಕೊಟ್ಟು, ಟೀ ಕುಡಿದು ಬಂದಿದ್ದರು. ಸಾಮಾನು ಸಾಗಿಸಿದ ಪಿಕಪ್‌ನವನಿಗೆ ಫೋನಿನಲ್ಲಿ ಹಣ ಹಾಕಿದ ದಾಖಲೆ ಆಗಸ್ಟ್ 8ರದ್ದು ಸಿಕ್ಕಿತು. ಅದನ್ನೇ ಇಟ್ಟುಕೊಂಡೆವು. ಗೃಹಜ್ಯೋತಿಗೆ ಜೋಡಿಸಿದ್ದ ಆಧಾರ್ ಬಿಡಿಸಿಕೊಳ್ಳುವುದನ್ನೂ ಆಗಲೇ ಮುಗಿಸಿದರು.

ಪತ್ರಕ್ಕೆ ಉತ್ತರ ಬರಲಿಲ್ಲ. ಕಾವೇರಿ ಸಂಕ್ರಮಣ ಕಳೆದ ಮೇಲೆ ಟೀಚರ್ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರು. ದಾವೆ ಹಾಕುವ ಮುಂಚೆಯೇ ಅಲ್ಲಿ ರಾಜಿಗೆ ಕೂರಬಹುದು. ಕೋರ್ಟ್ ಶುಲ್ಕ ಇಲ್ಲ. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆಯಲ್ಲೇ ಇದೆ. ಟೀಚರಿಗೆ ಇದು ಗೊತ್ತಿರಲಿಲ್ಲ. ಇಂಥ ಎಷ್ಟೋ ಜನರಿಗೆ ಗೊತ್ತಿಲ್ಲ, ಅದು ನನಗೆ ನಿಜವಾಗಿ ಬೇಸರದ ವಿಷಯ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ನವೆಂಬರಿನಲ್ಲಿ ಎಲ್ಲರೂ ಕೂತೆವು. ಯಜಮಾನರು ಬಟ್ಟೆಯ ಹಗ್ಗದ ಮಾತನ್ನೇ ತೆಗೆದರು. ಟೀಚರ್ 2022ರ ಫೋಟೊ ತೋರಿಸಿದರು. ಯಜಮಾನರು ಕನ್ನಡಕ ಸರಿ ಮಾಡಿಕೊಂಡು ನೋಡುತ್ತಿದ್ದರು. ಆಗ ಪಕ್ಕದಲ್ಲಿದ್ದ ಆಂಟಿ ಮೆಲ್ಲಗೆ ಅಂದರು: ‘ಮುಂಚೆ ಇದ್ದವರೂ ಇದನ್ನೇ ಹೇಳ್ತಿದ್ರಲ್ಲ.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಒಂದು ಮಾತಿನ ತೂಕ ನನಗೆ ಗೊತ್ತಿತ್ತು. ತನಗೆ ಗೊತ್ತಿರುವ, ಬಾಡಿಗೆಯವರ ಕಣ್ಣಿಗೆ ಕಾಣದ ದೊಡ್ಡ ದೋಷವನ್ನು ಮನೆ ಕೊಡುವವರು ಮೊದಲೇ ಹೇಳಬೇಕು ಎಂಬುದು 108ರ ಮೊದಲನೇ ಉಪಕಲಮು. ಏಪ್ರಿಲ್‌ನಲ್ಲಿ ಹೊಸ ಬಣ್ಣದ ಹಿಂದಿನ ತೇವ ಟೀಚರಿಗೆ ಹೇಗೆ ಕಾಣಬೇಕಿತ್ತು? ಆದರೆ ಕಲಮು ಹೇಳುವ ಅಗತ್ಯ ಬರಲಿಲ್ಲ. ಯಜಮಾನರು ‘ಗೋಡೆದು ಬಿಡಿ’ ಎಂದರು. ನೋಟಿಸಿನದೂ ಅದರ ಜೊತೆಗೇ ಹೋಯಿತು. ಟೀಚರ್ ತಾವಾಗಿಯೇ ನಲ್ಲಿಯ 1,500 ಬಿಟ್ಟುಕೊಟ್ಟರು. ಬಡ್ಡಿಯನ್ನೂ ಬಿಟ್ಟರು.

46,760ಕ್ಕೆ ಮಾತಾಯಿತು. 26,760ರ ಚೆಕ್ ಅಂದೇ. ಉಳಿದ 20,000 ಕಾಫಿ ಮಾರಿದ ಮೇಲೆ, ಫೆಬ್ರವರಿ 28ರೊಳಗೆ. ಲೋಕ ಅದಾಲತ್‌ನಲ್ಲಿ ಅದನ್ನು ದಾಖಲು ಮಾಡಿಸಿದರು. ಹಾಗೆ ದಾಖಲಾದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಬಾಯಿಮಾತಿನ ರಾಜಿಗೂ ಇದಕ್ಕೂ ಇರುವ ವ್ಯತ್ಯಾಸ ಅದು. ಫೆಬ್ರವರಿ ಮೂರನೇ ವಾರದಲ್ಲಿ ಹಣ ಟೀಚರ್ ಖಾತೆಗೆ ಬಂತು, ಗಡುವಿಗೆ ಮುಂಚೆಯೇ.

ನನ್ನ ಕರಾರಿನ ನಮೂನೆಯನ್ನು ಆ ತಿಂಗಳೇ ಬದಲಿಸಿದೆ. ‘ಕೀ ಒಪ್ಪಿಸಿದ 30 ದಿನದೊಳಗೆ’ ಎಂದು ಈಗ ಬರೆಯುತ್ತೇನೆ. ತೋಟದವರು ತಮಗೆ ಮಾರ್ಚ್‌ವರೆಗೆ ಬೇಕು ಎಂದರೆ ಅದನ್ನೂ ಹಾಗೇ ಬರೆಯುತ್ತೇನೆ, ಬಾಡಿಗೆಯವರು ತಿಳಿದು ಸಹಿ ಹಾಕಲಿ. ಕಡಿತಕ್ಕೆ ಬಿಲ್ ಇರಬೇಕು ಎಂಬ ಸಾಲು ಸೇರಿಸಿದ್ದೇನೆ. ಕೀ ಕೊಟ್ಟದ್ದಕ್ಕೆ ಸಹಿ ಮಾಡುವ ಪುಟ್ಟ ಚೀಟಿ ಕೊನೆಯ ಹಾಳೆಯಲ್ಲೇ ಇದೆ.

ಮುಂದಿನ ಬೇಸಿಗೆಯಲ್ಲಿ ಯಜಮಾನರು ತಡೆಗೋಡೆಗೆ ಪೈಪು ಹಾಕಿಸಿ, ಹಿಂದೆ ಚರಂಡಿ ತೆಗೆಸಿದರು. ಮೇ ಕೊನೆಗೆ ಹೊಸ ಬಾಡಿಗೆಯವರನ್ನು ಕರೆದುಕೊಂಡು ಕರಾರಿಗೆ ನನ್ನ ಬಳಿ ಬಂದರು. ಮನೆಯ ಫೋಟೊಗಳನ್ನು ಕರಾರಿಗೆ ಅಂಟಿಸಬೇಕು ಎಂದು ಅವರೇ ಕೇಳಿದರು. ಈಗ ತೆಗೆದದ್ದು ಸಾಕಾ ಎಂದರು. ಇದನ್ನು ಅಂಟಿಸೋಣ, ಆಗಸ್ಟ್‌ನಲ್ಲಿ ಇಬ್ಬರೂ ಸೇರಿ ಇನ್ನೊಂದು ತೆಗೆದು ಸಹಿ ಹಾಕಿ ಎಂದೆ. ಆಗಸ್ಟ್ 15 ಕಳೆದ ಮೇಲೆ ಆ ಫೋಟೊ ತಂದು ತೋರಿಸಿದರು. ಗೋಡೆ ಕೆಳಗೆ ಸ್ವಲ್ಪ ತೇವ ಇತ್ತು. ಇಬ್ಬರ ಸಹಿಯೂ ಇತ್ತು.